ಸಣ್ಣಯ್ಯ ಹಿಂದಿನ ಸೀಟಿನಲ್ಲಿ ಕೂತ ದಿನ

ಬೆಸಗರಹಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆ ಹೇಗಿತ್ತೆಂದು ಆ ಕಡೆಯ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ಗಾಡಿಗಳು ಓಡಾಡಿ ಓಡಾಡಿ ಎರಡು ಕಡೆ ಜಾಡು ಬಿದ್ದಿತ್ತು. ನಡುವೆ ಹಳ್ಳ, ಹಳ್ಳದ ಪಕ್ಕ ದಿಣ್ಣೆ. ಮಹಾಯುದ್ಧ ಮುಗಿದ ಮರುವರ್ಷದ ಮಾತಿದು. ಆ ರಸ್ತೆಯಲ್ಲಿ ಸಣ್ಣಯ್ಯನ ಪ್ಲೆಸರು ಕಾರು ಹತ್ತಿದವರು ಇಳಿಯುವಾಗ ಸೊಂಟ ಹಿಡಿದುಕೊಂಡೇ ಇಳಿಯುತ್ತಿದ್ದರು. ರಸ್ತೆಯನ್ನು ಬೈಯುತ್ತಿದ್ದರು, ರಸ್ತೆ ಮಾಡಿಸಿದವರನ್ನೂ ಬೈಯುತ್ತಿದ್ದರು. ಕಾರನ್ನು ಮಾತ್ರ ಯಾರೂ ಬೈಯುತ್ತಿರಲಿಲ್ಲ. ಊರಿಗೆಲ್ಲ ಇದ್ದದ್ದು ಅದೊಂದೇ ಕಾರು. ಬೈದು, ನಾಳೆ ಹತ್ತಿಸಿಕೊಳ್ಳದಿದ್ದರೆ ಏನು ಗತಿ?

ಸಣ್ಣಯ್ಯನದು ತಾತನ ಕಾಲದಿಂದ ಎತ್ತಿನ ಗಾಡಿ ಹೊಡೆದ ಮನೆತನ. ಮೈಸೂರಿನ ಯಾರೋ ದೊಡ್ಡವರು ಓಡಿಸಿ ಬಿಟ್ಟ ಕಾರನ್ನು ಕಬ್ಬಿನ ದುಡ್ಡಿನಲ್ಲಿ ಕೊಂಡಿದ್ದ. ದಿನಾ ಬೆಳಿಗ್ಗೆ ಅದರ ಮೈ ತೊಳೆದು, ಮೂತಿಗೆ ಕುಂಕುಮ ಇಟ್ಟು, ಆಮೇಲೆ ತನ್ನ ಮುಖ ತೊಳೆಯುತ್ತಿದ್ದ. ಕಾರೇನೋ ಮನೆಗೆ ಬಂತು, ಆದರೆ ಅವನ ಬುದ್ಧಿ ಇನ್ನೂ ಗಾಡಿಯ ಮೇಲೇ ಕೂತಿತ್ತು. ಕಾರು ಹಳ್ಳಕ್ಕೆ ಬಿದ್ದು ಕುಣಿದರೆ ಹಿಂದೆ ಒಂದು ರಾಗಿ ಮೂಟೆ ಹೇರುತ್ತಿದ್ದ. ಖಾಲಿ ಗಾಡಿ ಕುಣಿಯುತ್ತದೆ, ಭಾರ ಬಿದ್ದರೆ ತೆಪ್ಪಗಾಗುತ್ತದೆ ಎಂಬುದು ಅವನ ಲೆಕ್ಕ. ಕಾರಿನ ಅಡಿಯಲ್ಲಿ, ಚಕ್ರಗಳ ಹತ್ತಿರ, ಕೈ ಚಾಚಿದ ಕಬ್ಬಿಣದ ಡಬ್ಬಿಗಳಂಥವು ಇದ್ದವು. ಅವುಗಳಿಂದ ಎಣ್ಣೆ ಜಿನುಗುತ್ತಿತ್ತು. ಅದನ್ನು ಕಂಡು ಸಣ್ಣಯ್ಯನಿಗೆ ಖುಷಿಯೋ ಖುಷಿ. ಗಾಡಿ ಚಕ್ರದ ನಡುವಿನ ಗುಂಬದಿಂದ ಕೀಲೆಣ್ಣೆ ಜಿನುಗಿದರೆ ಚಕ್ರ ಗಟ್ಟಿಮುಟ್ಟಾಗಿದೆ ಎಂದಲ್ಲವೇ ಅರ್ಥ? ಕಾರಿನದೂ ಹಾಗೇ ಎಂದುಕೊಂಡು ನಿಶ್ಚಿಂತೆಯಾಗಿದ್ದ.

ಹೀಗಿರುವಾಗ ಮಳವಳ್ಳಿಯಿಂದ ತಂಗಿ ಬೆಟ್ಟಮ್ಮ ಹೇಳಿಕಳಿಸಿದಳು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ ಕಂಡ ಕಂಡ ದೇವರಿಗೆ ಕೈಮುಗಿದವಳು ಅವಳು. ಕೊನೆಗೊಂದು ಗಂಡುಮಗು ಆಗಿತ್ತು. ಅದರ ಹುಟ್ಟುಗೂದಲನ್ನು ಮುತ್ತತ್ತಿರಾಯನಿಗೆ ಕೊಡುವುದಾಗಿ ಹರಕೆ. ಬರುವ ಶನಿವಾರ ಅಣ್ಣನ ಕಾರಿನಲ್ಲೇ ಮುತ್ತತ್ತಿಗೆ ಹೋಗಬೇಕೆಂದು ಅವಳ ಆಸೆ. ಸಣ್ಣಯ್ಯ ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಒಪ್ಪಿದ್ದನ್ನು ಊರಿಗೆಲ್ಲ ಸಾರಿಕೊಂಡೂ ಬಂದ.

ಅವನ ಪಕ್ಕದ ಮನೆಯ ಹೊನ್ನಯ್ಯ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಆ ವರ್ಷವಷ್ಟೇ ಊರಿಗೆ ಮರಳಿದ್ದ. ಇಬ್ಬರೂ ಒಟ್ಟಿಗೆ ಆಡಿ ಬೆಳೆದವರು. ಸುದ್ದಿ ಕೇಳಿ ಹೊನ್ನಯ್ಯ ಬಂದವನೇ ಕಾರಿನ ಅಡಿಗೆ ತೂರಿ ನೋಡಿದ. ಈಚೆ ಬಂದು ಮೂತಿಯ ಒಂದು ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಕಾರು ಮೇಲೆದ್ದಿತು, ಕೆಳಗಿಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು.

"ಇದು ಒಂದ್ಕಿತ ಎದ್ದು ನಿಂತ್ಕಬೇಕು ಕಣ್ಲಾ. ಇಂಗೆ ತೂಗಾಡ್ತಾ ಇರಬಾರ್ದು. ಸನಿವಾರ ಈ ಕಾರ್ ತಗಂಡೋಗ್ಬ್ಯಾಡ."

ಸಣ್ಣಯ್ಯನಿಗೆ ರೇಗಿತು. ರಸ್ತೆ ಕೆಟ್ಟರೆ ಕಾರೇನು ಮಾಡುತ್ತದೆ, ಸ್ಪ್ರಿಂಗಿನ ಕಮಾನು ಪಟ್ಟಿ ಒಂದೂ ಮುರಿದಿಲ್ಲ, ಎಣ್ಣೆ ಬೇರೆ ಧಾರಾಳವಾಗಿ ಜಿನುಗುತ್ತಿದೆ ಎಂದು ವಾದಕ್ಕಿಳಿದ. ಹೊನ್ನಯ್ಯ ನಗಲಿಲ್ಲ. ಆ ಡಬ್ಬಿಯನ್ನು ಮೋಟಾರಿನವರು ಷಾಕ್ ಅಬ್ಸಾರ್ಬರ್ ಎನ್ನುತ್ತಾರೆ, ಬಾಯಿ ತಿರುಗದಿದ್ದರೆ ಷಾಕು ಎಂದರೂ ಸಾಕು ಎಂದು ನಿಧಾನವಾಗಿ ವಿವರಿಸಿದ.

"ಏಟು ತಿನ್ನೋದು ಕಮಾನು. ಏಟು ತಿಂದ್ಮೇಲೆ ಅದು ಜೋಕಾಲಿ ತರ ಆಡ್ತಾನೇ ಇರ್ತದೆ. ಜೋಕಾಲಿ ಇಡ್ದು ನಿಲ್ಸೋ ಕೈ ಈ ಷಾಕು. ಅದರ ಎಣ್ಣೆ ಒಳ್ಗೇ ಇರಬೇಕು. ಈಚ್ಗೆ ಬಂದ್ರೆ ಅದು ಸತ್ತಂಗೇಯ."

ಅಂದರೂ ಸಣ್ಣಯ್ಯ ಜಗ್ಗಲಿಲ್ಲ. ಮಿಲಿಟರಿಗೆ ಹೋಗಿ ಬಂದವರಿಗೆ ಊರಿನದೆಲ್ಲ ಕೆಟ್ಟದಾಗೇ ಕಾಣುತ್ತದೆ ಎಂದು ಕುಟುಕಿದ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದವಳು ಅವನ ಹೆಂಡತಿ ದೇವಿರಮ್ಮ. ಸಂತೆಗೆ ಹೋಗಿಬಂದಾಗಲೆಲ್ಲ ಬೆನ್ನಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದವಳೂ ಅವಳೇ. ಬೆಟ್ಟಮ್ಮ ಮಗುವನ್ನು ಎತ್ತಿಕೊಂಡು ಕೂರುವುದು ಎಲ್ಲಿ ಎಂದು ಗಂಡನನ್ನು ಕೇಳಿದಳು. ಹಿಂದಿನ ಸೀಟಿನಲ್ಲಿ ಎಂದ ಸಣ್ಣಯ್ಯ.

"ಆ ಸೀಟ್ನಾಗೆ ನೀನು ಯಾವತ್ತಾದ್ರೂ ಕುಂತಿದ್ದೀಯಾ?"

ಸಣ್ಣಯ್ಯ ಕಾರಿನ ಕಡೆ ತಿರುಗಿ ನೋಡಿದ. ನಿಜಕ್ಕೂ ಕೂತಿರಲಿಲ್ಲ. ಕಾರು ಮನೆಗೆ ಬಂದಾಗಿನಿಂದ ಸ್ಟೀರಿಂಗ್ ಚಕ್ರ ಹಿಡಿದು ಮುಂದೆ ಕೂತವನೇ ಹೊರತು ಅದರ ಹಿಂದಿನ ಸೀಟು ಎಂಥದೆಂದು ಅವನಿಗೇ ಗೊತ್ತಿರಲಿಲ್ಲ. ದೇವಿರಮ್ಮ ಅಟ್ಟದ ಮೇಲಿಂದ ಒಂದು ಸಿಹಿಗುಂಬಳ ಇಳಿಸಿ ತಂದಳು. ಹೆಚ್ಚುಕಮ್ಮಿ ಆ ಮಗುವಿನಷ್ಟೇ ತೂಕವಿತ್ತು.

"ಇದ್ನೇ ಮಗ ಅಂದ್ಕಂಡು ಮಡಿಲಲ್ಲಿ ಮಡೀಕೊ. ಒನ್ನಯ್ಯ ಓಡಿಸ್ಲಿ. ನಾಲೆ ಸೇತುವೆ ಗಂಟ ಓಗಿ ಬನ್ನಿ."

ಹೆಂಡತಿಯ ಹುಚ್ಚಾಟ ನೋಡೇಬಿಡೋಣ ಎಂದು ಸಣ್ಣಯ್ಯ ಕುಂಬಳಕಾಯಿ ತಬ್ಬಿಕೊಂಡು ಹಿಂದೆ ಕೂತ. ಊರ ಮುಂದಿನ ಮೊದಲ ಹಳ್ಳಕ್ಕೇ ಅವನ ತಲೆ ಮೇಲಿನ ಚಾವಣಿಗೆ ಬಡಿಯಿತು. ಎರಡನೆಯ ಹಳ್ಳ ಬರುವಷ್ಟರಲ್ಲಿ ಮೊದಲನೆಯದರ ಕುಣಿತವೇ ನಿಂತಿರಲಿಲ್ಲ. ತಿರುವಿನಲ್ಲಿ ಕಾರು ಪಕ್ಕಕ್ಕೆ ಎಷ್ಟು ವಾಲಿತೆಂದರೆ ಬಾಗಿಲಿನ ಸಂದಿಯಲ್ಲಿ ನೆಲ ಹತ್ತಿರವಾದಂತೆ ಕಂಡಿತು. ಸೇತುವೆಯ ಬಳಿ ಯಾರದೋ ಹಸು ಅಡ್ಡ ಬಂತು. ಹೊನ್ನಯ್ಯ ಬ್ರೇಕು ಒತ್ತಿದ. ಕಾರಿನ ಮೂತಿ ನೆಲಕ್ಕೆ ಮುಗ್ಗರಿಸಿತು, ಹಿಂಭಾಗ ಮೇಲೆದ್ದಿತು, ಚಕ್ರಗಳು ನೆಲ ಹಿಡಿಯದೆ ಎಗರೆಗರಿ ಮುಂದಕ್ಕೇ ಹೋದವು. ಹಸು ತಾನಾಗಿ ಪಕ್ಕಕ್ಕೆ ಹಾರಿ ಉಳಿಯಿತು. ಸಣ್ಣಯ್ಯ ಬಿಗಿಯಾಗಿ ಅಪ್ಪಿದ್ದ ಕುಂಬಳಕಾಯಿ ತೋಳಿನಿಂದ ಚಿಮ್ಮಿ, ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿದು ಒಡೆದುಹೋಯಿತು.

ಪಂಚೆಯ ಮೇಲೆ ಬಿದ್ದ ತಿರುಳನ್ನು ಸಣ್ಣಯ್ಯ ಬೊಗಸೆಯಲ್ಲಿ ಬಳಿದುಕೊಂಡು ನೋಡಿದ. ಬೆಟ್ಟಮ್ಮ ಅಷ್ಟು ವರ್ಷ ಕಾದು ಪಡೆದ ಕೂಸು ಅವನ ಕಣ್ಣ ಮುಂದೆ ಬಂತು. ಅವನಿಗೆ ಅಳು ಬಂದುಬಿಟ್ಟಿತು.

"ಬುಡು, ಇದು ಸನಿವಾರ ಆಗ್ಲಿಲ್ವಲ್ಲ," ಎಂದ ಹೊನ್ನಯ್ಯ.

ಆ ಮಧ್ಯಾಹ್ನ ಹೊನ್ನಯ್ಯ ಒಂದು ಷಾಕಿನ ಕೈ ಬಿಡಿಸಿ, ಅಲ್ಲಾಡಿಸಲು ಸಣ್ಣಯ್ಯನಿಗೆ ಹೇಳಿದ. ಬಿಗಿಯಾಗಿ, ನಿಧಾನವಾಗಿ ಬರಬೇಕಾಗಿದ್ದ ಕೈ ಕೀಲು ಕಳಚಿದ ಬಾಗಿಲಿನಂತೆ ಲೊಡಲೊಡ ಆಡಿತು. ಚಕ್ರದ ಟೈರುಗಳನ್ನೂ ಅವನ ಕೈಯಿಂದ ಸವರಿಸಿದ. ಕುಣಿದು ಕುಣಿದು ಅಲ್ಲಲ್ಲಿ ತಟ್ಟೆ ತಟ್ಟೆಯಾಗಿ ಸವೆದಿದ್ದವು. ರಾಗಿ ಮೂಟೆ ಕಾಯಿಲೆಯನ್ನು ಮುಚ್ಚಿಟ್ಟಿತ್ತೇ ಹೊರತು ವಾಸಿ ಮಾಡಿರಲಿಲ್ಲ ಎಂದು ಸಣ್ಣಯ್ಯನಿಗೆ ಆಗ ತಿಳಿಯಿತು. ತೀರಾ ಜಿನುಗುತ್ತಿರುವ ಒಂದನ್ನು ಮಾತ್ರ ಬದಲಾಯಿಸಿದರೆ ಸಾಲದೇ ಎಂದು ಕೇಳಿದ. ಕೇಳಿದವನೇ ತಾನೇ ಉತ್ತರವನ್ನೂ ಕೊಟ್ಟುಕೊಂಡ.

"ಬ್ಯಾಡ. ಒಂದ್ಕಡೆ ಎಳೇ ಓರಿ, ಇನ್ನೊಂದ್ಕಡೆ ಮುದಿ ಎತ್ತು ಕಟ್ಟಿದ್ರೆ ಗಾಡಿ ಸೊಟ್ಟಕೆ ಓಯ್ತದೆ. ಜೊತೇಲೇ ಆಕ್ಸವ."

ಯುದ್ಧದ ಕಾಲದ ಅಭಾವ ಇನ್ನೂ ತೀರಿರಲಿಲ್ಲ. ಹೊಸ ಷಾಕುಗಳು ಮೈಸೂರಿನಿಂದ ಬರಬೇಕು, ಶನಿವಾರಕ್ಕೆ ಆಗುವಂತಿರಲಿಲ್ಲ. ಊರಿಗೆಲ್ಲ ಸಾರಿದ್ದ ಸಣ್ಣಯ್ಯ ಬಸ್ಸು ಹಿಡಿದು ಮಳವಳ್ಳಿಗೆ ಹೋಗಿ, ತಂಗಿಯ ಮುಂದೆ ತಲೆ ತಗ್ಗಿಸಿ ಇದ್ದದ್ದು ಇದ್ದಂತೆ ಹೇಳಿದ. ಬೇಸರಪಡುತ್ತಾಳೆಂದು ಅಂಜಿದ್ದ. ಬೆಟ್ಟಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ಅಣ್ಣನಿಗೆ ಮಜ್ಜಿಗೆ ಕೊಟ್ಟಳು.

"ಮುತ್ತತ್ತಿರಾಯ ಎಲ್ಗೂ ಓಗಕ್ಕಿಲ್ಲ ಕಣಣ್ಣ. ಮುಂದಿನ ಸನಿವಾರನೂ ಅಲ್ಲೇ ಇರ್ತಾನೆ."

ಷಾಕುಗಳು ಬಂದವು. ಹೊನ್ನಯ್ಯ ನಿಂತು ಹಾಕಿಸಿದ. ಮೂತಿ ಒತ್ತಿ ಬಿಟ್ಟರೆ ಕಾರು ಒಂದು ಸಲ ಎದ್ದು ಸುಮ್ಮನೆ ನಿಂತಿತು. ಮುಂದಿನ ಶನಿವಾರ ಸಣ್ಣಯ್ಯ ತಂಗಿಯನ್ನೂ ಮಗುವನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮುತ್ತತ್ತಿಗೆ ಹೊರಟ. ಹಲಗೂರು ದಾಟಿ ಕಾಡಿನ ಇಳಿಜಾರಿಗೆ ಬಂದಾಗ ಒಂದು ತಿರುವಿನಲ್ಲಿ ಬಿದಿರು ಹೇರಿದ ಗಾಡಿ ಎದುರಾಯಿತು. ಸಣ್ಣಯ್ಯ ಬ್ರೇಕು ಒತ್ತಿದ. ಕಾರು ಕೊಂಚ ತಲೆ ಬಾಗಿಸಿ, ನೆಲ ಕಚ್ಚಿ ನಿಂತಿತು. ಗಾಡಿಯವನು ತನ್ನ ಎತ್ತುಗಳನ್ನು ಪಕ್ಕಕ್ಕೆ ಎಳೆದುಕೊಂಡು ಮುಂದೆ ಹೋದ. ಸಣ್ಣಯ್ಯ ತಿರುಗಿ ನೋಡಿದ. ಬೆಟ್ಟಮ್ಮನ ಮಡಿಲಲ್ಲಿ ಮಗು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿತ್ತು, ಎಚ್ಚರವೇ ಆಗಿರಲಿಲ್ಲ.

ಕಾರು, ವ್ಯಾನು ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ರಸ್ತೆಯನ್ನು ಬೈಯುವ ಮೊದಲು ಒಮ್ಮೆ ಬಗ್ಗಿ ನಿಮ್ಮ ಗಾಡಿಯ ಅಡಿ ನೋಡಿ. ಷಾಕಿನ ಮೈ ಎಣ್ಣೆಯಲ್ಲಿ ನೆನೆದಿದ್ದರೆ, ಮೂಲೆ ಒತ್ತಿ ಬಿಟ್ಟಾಗ ತೂಗಾಡುತ್ತಲೇ ಇದ್ದರೆ, ಬ್ರೇಕು ಒತ್ತಿದಾಗ ಮುಗ್ಗರಿಸಿದರೆ, ತಿರುವಿನಲ್ಲಿ ವಾಲಿದರೆ, ಟೈರು ಅಲ್ಲಲ್ಲಿ ಸವೆದಿದ್ದರೆ ತಡಮಾಡಬೇಡಿ, ಬಲ್ಲವರಿಗೆ ತೋರಿಸಿ. ಬದಲಾಯಿಸುವಾಗ ಎಡಬಲ ಎರಡನ್ನೂ ಜೊತೆಯಲ್ಲೇ ಬದಲಾಯಿಸಿ. ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ಒಂದನ್ನಾದರೂ ಮಾಡಿ. ಈ ವಾರ ಸ್ಟೀರಿಂಗ್ ಚಕ್ರವನ್ನು ಬೇರೆಯವರ ಕೈಗೆ ಕೊಟ್ಟು, ನಿಮ್ಮ ಮಕ್ಕಳು ಕೂರುವ ಜಾಗದಲ್ಲಿ ನೀವು ಕೂತು ಊರಾಚೆಯವರೆಗೆ ಹೋಗಿ ಬನ್ನಿ.