ಮುಂದಿನ ಗಾಲಿಗಳ ಮೇಲೆ ಒಂದು ಅನುಮಾನ

೧

ಎಲ್ಲಿಂದ ಶುರು ಮಾಡಬೇಕು ಎಂದು ನಿಮ್ಮನ್ನು ಕೇಳುವುದಿಲ್ಲ. ಕೇಳಿದರೆ ಕಾರಿನಿಂದ ಅನ್ನುತ್ತೀರಿ. ಕಾರು, ಅದೂ ಸ್ಪೋರ್ಟ್ಸ್ ಕಾರು ಎಂದ ಕೂಡಲೇ, ನವಲಗುಂದದಲ್ಲಿ ಅದೆಲ್ಲಿಂದ ಬಂತು ಎಂದು ಹುಬ್ಬೇರಿಸುತ್ತೀರಿ. ಗೋವಾದ ಹೋಟೆಲಿನವನೊಬ್ಬ ಸಾಕಾಗಿ ಮಾರಿದ್ದು. ಮೈಯೆಲ್ಲ ಒಂದು ಕೆಂಪು, ಒಂದು ಬಾಗಿಲು ಮಾತ್ರ ಬೇರೆ ಕೆಂಪು. ಊರಿನ ರಸ್ತೆಯ ಒಂದೊಂದು ಹಂಪ್‌ಗೂ ಹೊಟ್ಟೆ ಉಜ್ಜಿಕೊಂಡೇ ದಾಟುತ್ತದೆ. ಇಷ್ಟು ಹೇಳಿದರೂ ನಿಮಗೆ ನಂಬಿಕೆ ಬಂದಿಲ್ಲ. ಇರಲಿ, ನನಗೂ ನಿಮ್ಮ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಅರ್ಧ ಓದಿ ಕೊನೆಯ ಪುಟಕ್ಕೆ ಹಾರುವ ಜಾತಿ ನಿಮ್ಮದು.

(ಹಾರಬೇಡಿ. ಅಲ್ಲಿ ಏನೂ ಇಟ್ಟಿಲ್ಲ.)

೧, ಮತ್ತೊಮ್ಮೆ

ಕಾರು ಬೇಡ, ಜನರಿಂದ ಶುರು ಮಾಡೋಣ.

ಅಕೀಲ್ ಅಣ್ಣ, ನಾಜಮೀನ್ ತಂಗಿ. ಅಣ್ಣನದು ಅಣ್ಣಿಗೇರಿ ರಸ್ತೆಯ ಬದಿಗೆ ಒಂದು ಗ್ಯಾರೇಜು. ಟ್ರ್ಯಾಕ್ಟರ್, ಟಂಟಂ ಆಟೋ, ಏನು ಬಂದರೂ ರಿಪೇರಿ. ತಂಗಿ ವಾರವೆಲ್ಲ ಶಾಲೆಯೊಂದರ ಮಕ್ಕಳ ವ್ಯಾನ್ ಓಡಿಸುತ್ತಾಳೆ, ಭಾನುವಾರ ಈ ಕೆಂಪು ಕಾರನ್ನು. ಹುಬ್ಬಳ್ಳಿಯ ಹೊರಗೆ ಸೈಟು ಮಾರಾಟವಾಗದೆ ಬಿದ್ದಿರುವ ಒಂದು ಲೇಔಟ್ ಇದೆ. ಡಾಂಬರು ರಸ್ತೆ ಇದೆ, ವಿದ್ಯುತ್ ಕಂಬಗಳಿವೆ, ಮನೆ ಮಾತ್ರ ಒಂದೂ ಇಲ್ಲ. ಅಲ್ಲಿ ತಿರುವು ತಿರುವಿಗೆ ರಬ್ಬರ್ ಕೋನ್ ಇಟ್ಟು, ಒಬ್ಬೊಬ್ಬರಾಗಿ ಓಡಿಸಿ, ಯಾರು ಬೇಗ ಮುಗಿಸಿದರು ಎಂದು ನೋಡುತ್ತಾರೆ. ನಾಜಮೀನ್ ಬಹಳಷ್ಟು ಗಂಡಸರನ್ನು ಹಿಂದೆ ಹಾಕಿದ್ದಾಳೆ.

ಬರುವ ಭಾನುವಾರ ಕೊಲ್ಲಾಪುರದಿಂದ ಒಂದು ರೇಸಿಂಗ್ ತಂಡದವರು ಬರುತ್ತಾರೆ. ಕೈ ಚಲೋ ಇದ್ದವರೊಬ್ಬರನ್ನು ಆರಿಸಿ ತಮ್ಮ ಡ್ರೈವರಾಗಿ ಕರೆದೊಯ್ಯುತ್ತಾರೆ. ನಾಜಮೀನ್‌ಗೆ ಆ ಜಾಗ ಬೇಕು. ನನ್ನೆದುರಿಗೇ ಹೇಳಿದ್ದಾಳೆ:

"ವ್ಯಾನ್ ಓಡಿಸಿಕೋಂತ ಮುದುಕಿ ಆಗಾಕ ಹುಟ್ಟಿಲ್ರಿ ನಾ."

೨

ಈಗ ಸ್ವಲ್ಪ ತಾಂತ್ರಿಕ. ಬೇಸರ ಬೇಡ, ಎದ್ದು ನಿಲ್ಲಿ. ಪುಸ್ತಕ ಕೈಯಲ್ಲೇ ಇರಲಿ. ಎರಡೂ ಪಾದಗಳ ಬೆರಳನ್ನು ಸ್ವಲ್ಪ ಒಳಗೆ ತಿರುಗಿಸಿ. ಮುಂದಿನ ಗಾಲಿಗಳು ಹೀಗೆ ಒಳಗೆ ನೋಡುತ್ತಿದ್ದರೆ ಕಾರು ನೆಟ್ಟಗೆ, ಸಾಧುವಾಗಿ ಓಡುತ್ತದೆ. ತಿರುವು ಬಂದರೆ ಮಾತ್ರ ಮೀನಮೇಷ ಎಣಿಸುತ್ತದೆ. ಈಗ ಬೆರಳನ್ನು ಹೊರಗೆ ತಿರುಗಿಸಿ. ಗಾಲಿಗಳು ಹೀಗೆ ಕೂದಲೆಳೆಯಷ್ಟು ಹೊರಗೆ ನೋಡಿದರೆ, ಸ್ಟೇರಿಂಗ್ ಮುಟ್ಟಿದ ಕೂಡಲೇ ಕಾರು ತಿರುವಿಗೆ ನುಗ್ಗುತ್ತದೆ. ಆದರೆ ನೆಟ್ಟನೆಯ ರಸ್ತೆಯಲ್ಲಿ ಒಂದು ಕ್ಷಣ ಸುಮ್ಮನಿರುವುದಿಲ್ಲ, ಕೈ ಸಡಿಲಾದರೆ ಗೋತಾ. ನಾಜಮೀನ್‌ಗೆ ಬೇಕಾದದ್ದು ಎರಡನೆಯದು.

ಕೂತುಕೊಳ್ಳಿ. (ನೀವು ಎದ್ದೇ ಇರಲಿಲ್ಲ, ಗೊತ್ತು.)

ಹುಬ್ಬಳ್ಳಿಯ ಕಂಪ್ಯೂಟರ್ ಮಶೀನು ಕಾರನ್ನು ಕಂಪನಿ ಹೇಳಿದ ಲೆಕ್ಕಕ್ಕೇ ತಂದು ನಿಲ್ಲಿಸುತ್ತದೆ. ಅದಕ್ಕೆ ಅಕೀಲ್ ಹಳೆಯ ಪದ್ಧತಿ ಹಿಡಿದಿದ್ದಾನೆ. ಕಾರಿನ ಎರಡೂ ಬದಿಗೆ ನೆಟ್ಟಗೆ ನೂಲು ಎಳೆದು ಕಟ್ಟುವುದು, ಗಾಲಿಯ ಮುಂದಿನ ಅಂಚು, ಹಿಂದಿನ ಅಂಚು ನೂಲಿನಿಂದ ಎಷ್ಟೆಷ್ಟು ದೂರ ಎಂದು ಉಕ್ಕಿನ ಸ್ಕೇಲಿನಿಂದ ಅಳೆಯುವುದು. ನೂಲು ಅವನ ತಾಯಿ ಮೌಲಾಬಿಯದು, ಜಮಖಾನೆ ನೇಯುವ ಮಗ್ಗದ್ದು. ಆ ಮಗ್ಗದ ಕೆಲಸವನ್ನು ಮೌಲಾಬಿ ಸೊಸೆ ಫರಹತ್‌ಗೆ ಕಲಿಸಿದ್ದಾಳೆ, ಮಗಳು ನಾಜಮೀನ್‌ಗೆ ಕಲಿಸಿಲ್ಲ. ಮಗಳು ನಾಳೆ ಇನ್ನೊಂದು ಮನೆಗೆ ಹೋಗುವವಳು. ಅವಳ ಹಿಂದೆ ಕಸುಬೂ ಹೋಗುತ್ತದೆ ಎಂಬುದು ಆ ಮನೆಯ ಅಂಜಿಕೆ. ಅಕೀಲನೂ ಹಾಗೆಯೇ. ತಂಗಿ ಓಡಿಸಲಿ, ಗಾಲಿ ತಿರುವುವ ಸ್ಪ್ಯಾನರು, ಅವರ ಬಾಯಲ್ಲಿ ಪಾನಾ, ಮಾತ್ರ ತನ್ನ ಕೈಯಲ್ಲಿರಲಿ.

೩

ಶನಿವಾರ ಅಕೀಲ್ ನೂಲು ಕಟ್ಟಿ, ಕಾರಿನಡಿಗೆ ಮಲಗಿ, ಏನೋ ತಿರುವಿ ಎದ್ದ. ನಾಜಮೀನ್ ಯಮನೂರಿನ ಕಡೆಗೆ ಒಂದು ಟ್ರಯಲ್ ಹೋಗಿಬಂದಳು. ಇಳಿದು ಬಾಗಿಲು ಹಾಕಲಿಲ್ಲ.

"ಭಾಯಿ, ಏನ್ ಮಾಡೀದಿ ಇದಕ್ಕ?"

"ಏನ್ ಮಾಡ್ಲಿ? ನೀ ಹೇಳಿದಂಗ ಮಾಡೇನಿ."

"ನಾ ಹೇಳಿದಂಗ ಇಲ್ಲ ಇದು. ತಿರಗಂದ್ರ ವಿಚಾರ ಮಾಡಾಕತ್ತೈತಿ."

"ಟಯರ್ ತಂಪ್ ಅದಾವು."

"ಟಯರ್ ಮ್ಯಾಲ ಹಾಕಬ್ಯಾಡ."

ನಾನು ಅಲ್ಲೇ ಸ್ಟೂಲಿನ ಮೇಲೆ ಚಹಾ ಹಿಡಿದು ಕೂತಿದ್ದೆ. ಒಂದು ಮಾತು ನಿಮಗೆ ಹೇಳಬೇಕು. ಮನೆಯಲ್ಲಿ ಇವರು ಮಾತಾಡುವುದು ಉರ್ದು, ನನಗೆ ಬಾರದ್ದು. ನಾನಿದ್ದಾಗ ಕನ್ನಡಕ್ಕೆ ಬರುತ್ತಾರೆ. ಅಂದರೆ ನಾನು ಬರೆಯುತ್ತಿರುವುದು ನನಗೆ ಕೇಳಿಸಲೆಂದು ಆಡಿದ ಮಾತು. ನನ್ನದೇ ಕತೆಯಲ್ಲಿ, ನಾನು ಎದ್ದು ಹೋದ ಮೇಲೆ ಇವರು ಏನು ಮಾತಾಡಿಕೊಳ್ಳುತ್ತಾರೋ, ದೇವರೇ ಬಲ್ಲ.

೩, ಇನ್ನೊಂದು ಕರಡು

ತಪ್ಪು ನೆಲದ್ದು ಎಂದು ಬರೆದೆ. ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಗ್ಯಾರೇಜಿನ ಕಾಂಕ್ರೀಟು ಒಂದು ಕಡೆ ಎದ್ದು, ಅಕೀಲನ ಅಳತೆ ಸುಳ್ಳಾಯಿತು. ಯಾರೂ ಕೆಟ್ಟವರಲ್ಲ. ಅಣ್ಣತಂಗಿ ನಕ್ಕರು. ಓದುಗರಿಗೆ ಮಣ್ಣಿನ ವಾಸನೆ, ನನಗೆ ಒಂದು ಬಹುಮಾನದ ಆಸೆ. ಎಲ್ಲ ಪಸಂದಾಗಿತ್ತು.

ನಾಜಮೀನ್ ಕೆಡಿಸಿದಳು. ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪು ತಂದು, ಒಂದು ತುದಿ ನನ್ನ ಕೈಗೆ ಕೊಟ್ಟು, ನಾಲ್ಕೂ ಗಾಲಿಯ ಹತ್ತಿರ ನೆಲ ನೋಡಿದಳು. ನೆಲ ಸರಿಯಾಗಿಯೇ ಇತ್ತು.

"ಏನ್ ಬರೀತೀರಿ ಈಗ?" ಎಂದಳು ನನಗೆ.

ಹರಿದು ಹಾಕಿದೆ.

೪

"ಮಗ್ಗಾನೂ ಮುಟ್ಟಸಲಿಲ್ಲ, ಪಾನಾನೂ ಮುಟ್ಟಸಲಿಲ್ಲ," ಎಂದಳು ನಾಜಮೀನ್. "ನೀ ಮಾಡಿದ್ದ ಖರೇ ಅಂತ ನಾ ನಂಬಬೇಕು. ನಿನ್ನ ಮ್ಯಾಲ ಭರವಸಿ ಇಟ್ಟು ನಾ ಜೀವಾ ಬಿಟ್ಟು ಓಡಸ್ತೇನಿ, ಗೊತ್ತೈತಿಲ್ಲ ನಿಂಗ? ಗಾಲಿ ಒಳಗ ತಿರಿವೀದಿ, ಹೌದಲ್ಲ?"

ಅಕೀಲ್ ಕೈಯೊರೆಸಿದ ಬಟ್ಟೆಯಿಂದಲೇ ಇನ್ನೊಮ್ಮೆ ಕೈಯೊರೆಸಿದ.

"ಹೌದು. ತಿರಿವೇನಿ."

"ಯಾಕ?"

"ಇವರನ್ನ ಕೇಳು," ಎಂದು ನನ್ನ ಕಡೆ ಗದ್ದ ತೋರಿಸಿದ.

ನನಗೆ ಚಹಾ ನೆತ್ತಿಗೇರಿತು.

ಆದದ್ದು ಇಷ್ಟು. ಮೊದಲ ಕರಡಿನಲ್ಲಿ ಕೊನೆ ಬೇಗ ಹೊಳೆದಿತ್ತು: ಕಡೆಯ ತಿರುವು, ಕಾರು ಪಲ್ಟಿ, ಧೂಳು, ಮೌನ. ಚಲೋ ಬಂದಿದೆ ಎನ್ನುವ ಉಮೇದಿನಲ್ಲಿ ಶುಕ್ರವಾರ ಅದನ್ನು ಅಕೀಲನಿಗೆ ಓದಿ ತೋರಿಸಿದ್ದೆ. ಅವನು ಪೂರ್ತಿ ಕೇಳಿ, "ಚಲೋ ಐತ್ರಿ," ಎಂದು ಎದ್ದು ಹೋಗಿದ್ದ. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದಿದ್ದೆ.

ಇಷ್ಟನ್ನೂ ನನ್ನ ಬಾಯಿಂದಲೇ ಹೇಳಿಸಿಕೊಂಡು ನಾಜಮೀನ್ ನನ್ನ ಎದುರಿಗೆ ಬಂದು ನಿಂತಳು.

"ನನ್ನ ಸಾಯಸ್ತೀರೇನ್ರಿ?"

"ಅದು ಡ್ರಾಫ್ಟ್ ಇತ್ತು ನೋಡವಾ. ಕಚ್ಚಾ."

"ಕಚ್ಚಾದಾಗ ಸತ್ತವರನ್ನ ಪಕ್ಕಾದಾಗ ಎಬ್ಬಸ್ತೀರೇನು?"

"ಎಬ್ಬಸಬಹುದು."

"ನಿಮಗ ಬ್ಯಾರೆ ಕೊನಿ ಗೊತ್ತಿಲ್ಲೇನ್ರಿ? ಹುಡುಗಿ ಜೋರ್ ಓಡಿಸಿದ್ಲು ಅಂದ್ರ ಬೀಳಾಕ ಬೇಕೇನು?"

ನಿಮಗೆ ಉತ್ತರ ಹೊಳೆದಿದ್ದರೆ ಇಟ್ಟುಕೊಳ್ಳಿ, ನನಗೀಗ ಅದು ಬೇಡ.

೫

ಆದರೆ ಒಂದು ನಿಮಿಷ. ಅಕೀಲನ ಮಾತನ್ನು ನಾವು ಇಷ್ಟು ಬೇಗ ನಂಬುವುದೇ? ತಂಗಿಯ ಜೀವಕ್ಕೆ ಅಂಜಿ ಗಾಲಿ ಒಳಗೆ ತಿರುವಿದೆ, ತಪ್ಪು ಲೇಖಕರದು. ಎಷ್ಟು ಸಲೀಸಾಗಿ ಜಾರಿಕೊಂಡ ನೋಡಿ. ಕಾರು ಮಂದವಾದರೆ ನಾಜಮೀನ್ ಗೆಲ್ಲುವುದಿಲ್ಲ. ಗೆಲ್ಲದಿದ್ದರೆ ಕೊಲ್ಲಾಪುರದವರು ಒಯ್ಯುವುದಿಲ್ಲ. ಒಯ್ಯದಿದ್ದರೆ ಗ್ಯಾರೇಜಿನ ಹೆಸರು, ಭಾನುವಾರದ ಚಪ್ಪಾಳೆ, ಎಲ್ಲ ಇಲ್ಲೇ ಉಳಿಯುತ್ತದೆ. ನಾಜಮೀನ್ ಬರುವ ಮೊದಲು ಆ ಲೇಔಟಿನಲ್ಲಿ ಓಡಿಸುತ್ತಿದ್ದವನು ಅಕೀಲನೇ. ಒಂದು ಸಲ ತಂಗಿಗೆ ಸ್ಟೇರಿಂಗ್ ಕೊಟ್ಟ. ಆಮೇಲೆ ಅದು ಅವನ ಕೈಗೆ ಮರಳಿ ಬರಲಿಲ್ಲ.

ಲೇಖಕನಾದವನು ಪಾತ್ರದ ಮನಸ್ಸಿನೊಳಗೆ ಹೋಗಬಹುದು ಎನ್ನುತ್ತಾರೆ. ಹೋದೆ. ಅಲ್ಲಿ ಅಂಜಿಕೆಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಪಾನಾ ಹಿಡಿದಾಗ ಯಾವುದು ತಿರುವಿತು ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಸುಳ್ಳು ಹೇಳುತ್ತಿದ್ದಾನೆಯೇ ಎಂದು ಅಲ್ಲೇ ಸ್ವಲ್ಪ ಹೊತ್ತು ನಿಂತು ನೋಡಿ ಹೊರಗೆ ಬಂದೆ.

೬

ಬೇಕಾದವರು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಮನೆಗೆ ಹೋಗಬಹುದು.

ಒಂದು: ಕಾರು ಮಂದವಾಗಿದ್ದರೂ ನಾಜಮೀನ್ ಗೆಲ್ಲುತ್ತಾಳೆ, ಅಣ್ಣನ ಕಣ್ಣಲ್ಲಿ ನೀರು. (ಛೇ.)

ಇನ್ನೊಂದು: ಸೋಲುತ್ತಾಳೆ. ಸೋಮವಾರ ವ್ಯಾನ್ ಹತ್ತುತ್ತಾಳೆ. ಮಕ್ಕಳು ಟೀಚರಿಗೆ ಹೇಳುವಂತೆ ಅವಳಿಗೂ ಗುಡ್ ಮಾರ್ನಿಂಗ್ ಹೇಳುತ್ತಾರೆ. (ಇದು ನನಗೆ ಸೇರಿತ್ತು. ನಾಜಮೀನ್ ಓದಿ, ಒಂದು ವಾರ ಆ ಮಕ್ಕಳ ನಡುವೆ ಕೂತು ಬಂದು ಆಮೇಲೆ ಬರೀರಿ ಎಂದಳು.)

ಪಲ್ಟಿಯಾಗುವುದನ್ನು ಹೊಡೆದು ಹಾಕಿದ್ದೇನೆ. ಹೊಡೆದು ಹಾಕಿದ್ದು ಇನ್ನೂ ಓದಲು ಬರುತ್ತದೆ ಎಂಬುದು ಬೇರೆ ಮಾತು.

೭

ಭಾನುವಾರ ಮುಂಜಾನೆ, ಅದೇ ಲೇಔಟು. ನನ್ನನ್ನು ಯಾರೂ ಕರೆದಿರಲಿಲ್ಲ, ಹೋಗಿದ್ದೆ. ಕೊಲ್ಲಾಪುರದವರು ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಅವಲಕ್ಕಿ ತಿನ್ನುತ್ತಿದ್ದರು.

ನಾಜಮೀನ್ ಅಣ್ಣನ ಮುಂದೆ ಕೈ ಚಾಚಿದಳು. "ಪಾನಾ ಕೊಡು."

ಅಕೀಲ್ ನನ್ನನ್ನು ನೋಡಿದ, ಕತೆ ಬರೆಯುವವನು ಏನಾದರೂ ಮಾಡಲಿ ಎನ್ನುವಂತೆ. ನಾನು ಅತ್ತ ತಿರುಗಿದೆ. ಅವನು ಪಾನಾ ಕೊಟ್ಟ. ನೂಲು ಕಟ್ಟಿದರು. ನಾಜಮೀನ್ ಕಾರಿನಡಿಗೆ ಸರಿದು ಮಲಗಿದಳು. ಕಾಲೆರಡು ಮಾತ್ರ ಹೊರಗೆ. ಅಕೀಲ್ ಗಾಲಿಯ ಬಳಿ ಸ್ಕೇಲು ಹಿಡಿದು ಕುಕ್ಕರುಗಾಲಲ್ಲಿ ಕೂತ.

"ಯಾ ಕಡೆ ತಿರುವಲಿ?" ಎಂದು ಅಡಿಯಿಂದ ಕೇಳಿದಳು.

"ನಿನ್ನ ಕಡೆ. ಸಾವಕಾಶ. ಹ್ಞಾಂ, ಇನ್ನೊಂಚೂರು."

"ಎಷ್ಟಾತು?"

"ಇನ್ನಾ ಒಳಗ ಐತಿ... ಈಗ ನೆಟ್ಟಗ ಬಂತು... ಈಗ ಹೊರಗ. ಸಾಕು."

"ನಾ ಹೇಳಿದಷ್ಟ ಐತಿಲ್ಲ?"

"ಐತಿ."

ಕಾರಿನಡಿಯಿಂದ ಸ್ಕೇಲು ಕಾಣುವುದಿಲ್ಲ. ತಿರುವಿದ್ದು ಅವಳ ಕೈ, ಅಳತೆ ಮಾತ್ರ ಅವನ ಬಾಯಿ. ಅವಳು ಎದ್ದು ಬೆನ್ನಿನ ಧೂಳು ಕೊಡವುವಷ್ಟರಲ್ಲಿ ಅಕೀಲ್ ನೂಲು ಸುತ್ತತೊಡಗಿದ್ದ. ತುಸು ಅವಸರದಲ್ಲೇ ಸುತ್ತಿದ ಎಂದು ನನಗನಿಸಿತು. ನಾನು ನಿಂತ ಕಡೆಯಿಂದ ನನಗೂ ಸ್ಕೇಲಿನ ಗೀಟು ಕಂಡಿರಲಿಲ್ಲ. ಹೇಳಿದರೆ ನಂಬುವುದಿಲ್ಲ ನೀವು: ನಾನು ಬರೆಯುತ್ತಿರುವ ಸ್ಕೇಲಿನ ಮೇಲೆ ಏನಿತ್ತೆಂದು ನನಗೆ ಗೊತ್ತಿಲ್ಲ.

ಮೈಕಿನಲ್ಲಿ ಅವಳ ಹೆಸರು ಕೂಗಿದರು. ನಾಜಮೀನ್ ಹೆಲ್ಮೆಟ್ ಹಾಕಿಕೊಂಡಳು. ಇನ್ನೊಂದು ಹೆಲ್ಮೆಟ್ ತೆಗೆದು ಅಣ್ಣನ ಎದೆಗೆ ಒತ್ತಿದಳು.

"ಬಾಜೂ ಕೂಡು."

"ನಾ ಯಾಕ?"

"ಜೋಡಿ ಒಬ್ಬರು ಕೂಡಬಹುದು ಅಂತ ರೂಲ್ ಐತಿ. ಅಳತಿ ಹೇಳಿದಂವಾ ನೀನ. ಕೂಡು."

ಅಕೀಲ್ ಹೆಲ್ಮೆಟ್ ಹಿಡಿದುಕೊಂಡೇ ನಿಂತ. ಕೊಲ್ಲಾಪುರದವರೊಬ್ಬರು ತಟ್ಟೆ ಕೆಳಗಿಟ್ಟು ಈ ಕಡೆ ನೋಡಿದರು.

"ತಡಿ," ಎಂದ ಅಕೀಲ್. "ಪಾನಾ ಕೊಡು. ಒಂದ ಸಲ ಮತ್ತ ನೋಡತೇನಿ."

ನಾಜಮೀನ್ ಅವನ ಮುಖ ನೋಡಿದಳು. ಸುಳ್ಳು ಅಳತೆ ಹೇಳಿ, ಈಗ ಗುಟ್ಟಾಗಿ ಸರಿಮಾಡಬೇಕೆನ್ನುವವನೂ ಇದನ್ನೇ ಕೇಳುತ್ತಾನೆ. ಖರೇ ಅಳತೆ ಹೇಳಿ, ಹೊರಗೆ ತಿರುಗಿದ ಆ ಗಾಲಿಗೆ ಅಂಜಿದವನೂ ಇದನ್ನೇ ಕೇಳುತ್ತಾನೆ.

"ಇನ್ನ ನೋಡೂದು ಇಲ್ಲ," ಎಂದಳು. ಕಾರು ಹತ್ತಿ, ಪಾನಾ ತನ್ನ ಸೀಟಿನ ಕೆಳಗೆ ಹಾಕಿ, ಒಳಗಿನಿಂದಲೇ ಬಗ್ಗಿ ಆಚೆಯ ಬಾಗಿಲು ತಳ್ಳಿ ತೆರೆದಳು.

೮

ನಾನು ಅವನನ್ನು ಕೂರಿಸಬಹುದು. ಒಂದು ಸಾಲು ಸಾಕು. ಅವನನ್ನು ಅಲ್ಲಿಂದ ಓಡಿಸಿಬಿಡಲೂ ಒಂದೇ ಸಾಲು ಸಾಕು. ಎರಡನ್ನೂ ಬರೆಯುವುದಿಲ್ಲ, ನಾನು ಬರೆದು ಕೂರಿಸಿದರೆ ಅವನ ಅಳತೆ ಖರೇಯೋ ಸುಳ್ಳೋ ನಾಜಮೀನ್‌ಗೆ ಹೇಗೆ ತಿಳಿಯಬೇಕು? ನೀವು ಮುಂದೇನು ಎಂದು ನನ್ನನ್ನು ಕೇಳಬೇಡಿ.

ಮೈಕಿನವನು ಎರಡನೆಯ ಸಲ ಹೆಸರು ಕೂಗಿದ. ಅಕೀಲ್ ಹೆಲ್ಮೆಟ್ಟಿನ ಪಟ್ಟಿಯ ಜೊತೆ ಆಡುತ್ತಿದ್ದಾನೆ, ಹಾಕಿಕೊಂಡಿಲ್ಲ, ಕೆಳಗೂ ಇಟ್ಟಿಲ್ಲ. ನಾಜಮೀನ್ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಮುಂದೆ ನೋಡುತ್ತ ಕೂತಿದ್ದಾಳೆ. ಎಂಜಿನ್ ಇನ್ನೂ ಚಾಲೂ ಮಾಡಿಲ್ಲ.

"ಭಾಯಿ," ಎಂದಳು, ತಲೆ ತಿರುಗಿಸದೆ. ಆಮೇಲೆ ಉರ್ದುವಿನಲ್ಲಿ ಏನೋ ಹೇಳಿದಳು, ನನಗೆ ತಿಳಿಯಲಿಲ್ಲ.