ಆ ಕಪ್ಪು ಮುದ್ದೆ ನಾನೇನಾ?

ಶಕೀಲಾ ಗಂಡನ ಜೊತೆ ಮಾತು ಬಿಟ್ಟು ಒಂದು ವಾರವಾಗಿತ್ತು. ಕಾರಣ ಕೇಳಿದರೆ, "ಗ್ಯಾಲರಿಗೆ ಬಂದು ನನ್ನ ಚಿತ್ರ ನೋಡಿ, ಗೊತ್ತಾಗತ್ತೆ" ಎಂದಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹಾಗಾಗಿ ಶಿವಾಜಿನಗರದಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುವ ಹಸನ್, ಭಾನುವಾರದ ವ್ಯಾಪಾರ ಬಿಟ್ಟು ಇಂದಿರಾನಗರದ ಗ್ಯಾಲರಿಯಲ್ಲಿ ಹೆಂಡತಿಯ ಚಿತ್ರದ ಮುಂದೆ ನಿಂತಿದ್ದ. ಎಸಿ ಇದ್ದರೂ ಬೆವರುತ್ತಿದ್ದ.

ಮಂಚದಗಲದ ಚಿತ್ರ. ಮನುಷ್ಯ, ಮರ, ಮನೆ ಒಂದೂ ಇಲ್ಲ. ಬಣ್ಣ ಎರಚಿ, ಎಳೆದು, ಕೆರೆದು ಬಿಟ್ಟಿದ್ದಳು. ನಟ್ಟನಡುವೆ ಒಂದು ಕಪ್ಪು ಮುದ್ದೆ. ಅದು ತಾನೇ ಎಂಬುದರಲ್ಲಿ ಹಸನ್‌ಗೆ ಅನುಮಾನ ಉಳಿಯಲಿಲ್ಲ. ಹೊಟ್ಟೆ ತದ್ರೂಪವಾಗಿ ಬಂದಿತ್ತು.

ಪಕ್ಕದಲ್ಲಿ ಗ್ಯಾಲರಿಯ ಪ್ರಿಯಾ ಮೇಡಂ ಬಂದವರಿಗೆ ವಿವರಿಸುತ್ತಿದ್ದರು: "ಇದ್ರಲ್ಲಿ ವಸ್ತು ಹುಡುಕ್ಬೇಡಿ. ಬಣ್ಣ ನಿಮ್ಮೊಳಗೆ ಏನು ಎಬ್ಬಿಸತ್ತೆ, ಅದನ್ನ ನೋಡಿ."

ಹಸನ್‌ಗೆ ಬಣ್ಣವೆಂದರೆ ಹೊಟ್ಟೆಪಾಡು. ಸೀರೆಯ ಸೆರಗು ತೋರಿಸಿದರೆ ರವಿಕೆ ಬಟ್ಟೆಯ ರಾಶಿಯಿಂದ ಜೋಡಿ ಎಳೆದು ತೆಗೆಯುವವನು. ಅದೇ ಅಭ್ಯಾಸದಲ್ಲಿ ಒಂದೊಂದು ಬಣ್ಣಕ್ಕೂ ತನ್ನ ಸಂಸಾರದಲ್ಲಿ ಜೋಡಿ ಹುಡುಕಿದ. ಪಾಪ, ಎಲ್ಲಕ್ಕೂ ಸಿಕ್ಕಿಬಿಟ್ಟಿತು. ನೇರ ಬಾಗಿಲ ಬಳಿ ನಿಂತಿದ್ದ ಶಕೀಲಾ ಹತ್ತಿರ ಹೋದ.

"ತಪ್ಪಾಯ್ತು. ಆ ಮೆಹಂದಿ ಹಸಿರು ನಿನ್ನ ದುಪಟ್ಟಾ ತಾನೆ? ಲಾಂಡ್ರೀಲಿ ಕಳೆದೋಗಿಲ್ಲ, ನಮ್ಮಕ್ಕಂಗೆ ಕೊಟ್ಬಿಟ್ಟೆ."

ಶಕೀಲಾ ಹುಬ್ಬೇರಿಸಿದಳು.

"ಆ ಕಂದು ಬಣ್ಣ ನಿಮ್ಮಮ್ಮ ಕಳಿಸಿದ ಹಲ್ವಾ. ಇರುವೆ ಮುತ್ತಿತ್ತು ಅಂದಿದ್ದು ಸುಳ್ಳು, ಅಂಗಡೀಲಿ ನಾನೇ ತಿಂದೆ. ನೀಲಿ... ನಿನ್ನ ತಮ್ಮನ ಸ್ಕೂಟರ್. ಕಂಬಕ್ಕೆ ಗುದ್ದಿದ್ದು ನಾನೇ. ಆಟೋದವನ ಮೇಲೆ ಹಾಕ್ದೆ."

ಪ್ರಿಯಾ ಮೇಡಂ ವಿವರಣೆ ನಿಲ್ಲಿಸಿದರು. ಬಂದವರೆಲ್ಲ ಚಿತ್ರ ಬಿಟ್ಟು ಹಸನ್‌ನನ್ನೇ ನೋಡತೊಡಗಿದರು.

"ಇನ್ನೂ ಇದೆಯಾ?" ಕೊನೆಗೂ ಶಕೀಲಾ ಬಾಯಿ ಬಿಟ್ಟಳು.

"ಆ ಕಪ್ಪು ಮುದ್ದೆ ನಾನೇ, ಒಪ್ಕೋತೀನಿ. ಇಷ್ಟೆಲ್ಲ ಗೊತ್ತಿದ್ರೆ ಮನೇಲೇ ಬೈಬಹುದಿತ್ತಲ್ಲ? ನೀನು ಮಾತಾಡ್ದಿದ್ರೆ ಗಂಟಲಲ್ಲಿ ಅನ್ನ ಇಳಿಯಲ್ಲ ಕಣೇ."

"ನಂಗೇನೂ ಗೊತ್ತಿರ್ಲಿಲ್ಲ ರೀ. ಈಗ ಗೊತ್ತಾಯ್ತು. ಇದು ನಮ್ಮ ಮದುವೆಯಾದ ವರ್ಷ ಖುಷೀಲಿ ಬಿಡಿಸಿದ್ದು. ಇಷ್ಟು ವರ್ಷ ನಮ್ಮ ಮಂಚದ ಎದುರಿಗೇ ನೇತಾಡ್ತಿತ್ತು. ಹೋದ ವಾರ ಗ್ಯಾಲರಿಯವ್ರು ಬಂದು ತಗೊಂಡು ಹೋದ್ರು. ಗೋಡೆ ಖಾಲಿಯಾಗಿದ್ದೂ ನಿಮ್ಗೆ ಕಾಣ್ಲಿಲ್ಲ."

ಹಸನ್‌ಗೆ ನಾಚಿಕೆಯಿಂದ ನೆಲಕ್ಕಿಳಿದುಹೋದಂತಾಯಿತು. ಮತ್ತೆ ಚಿತ್ರದ ಕಡೆ ತಿರುಗಿ, ಈ ಸಲ ಯಾವುದಕ್ಕೂ ಜೋಡಿ ಹುಡುಕದೆ, ಸುಮ್ಮನೆ ನೋಡಿದ. ಎಷ್ಟೋ ಹೊತ್ತು ನೋಡಿದ.

"ಸಾಕು, ನಡೀರಿ," ಎಂದಳು ಶಕೀಲಾ. "ಸ್ಕೂಟರ್ ವಿಷ್ಯ ಮನೇಲಿ ಮಾತಾಡೋಣ."

ಮಾತಾಡೋಣ ಎಂದಳಲ್ಲ! ಹಸನ್ ಖುಷಿಯಿಂದ ಆಟೋ ಕರೆಯಲು ಓಡಿದ.