ಕಮಿಟಿಗೆ ಈಸೋ ಆರೋ

ಕಟ್ಟಡದ ಕಮಿಟಿಯ ಇಂಗ್ಲಿಷ್ ನೋಟೀಸು ಬರೆಯುವ ಕೆಲಸ ನಿವೃತ್ತ ಟೀಚರಮ್ಮನ ಕೊರಳಿಗೆ ಬಿದ್ದಿತ್ತು. ನಲ್ಲಿ ನಿಂತರೂ ಲಿಫ್ಟ್ ಕೆಟ್ಟರೂ ಅವರದೇ ಅಕ್ಷರ. ಈ ಸಲ ಮಾತ್ರ ಪೆನ್ನು ಏಳಲೊಲ್ಲದು.

ಮೇಲಿನ ಮಹಡಿಯ ತುತ್ತೂರಿಯವನು ಮನೆ ಖಾಲಿ ಮಾಡಬೇಕಂತೆ. ಬ್ಯಾಂಡಿನಲ್ಲಿ ಊದುವುದೇ ಅವನ ಹೊಟ್ಟೆಪಾಡು. ಸಂಜೆ ಅಭ್ಯಾಸಕ್ಕೆ ಕೂತನೆಂದರೆ ಕೆಳಗಿನವರ ಕಿಟಕಿ ಗಾಜು ಗಡಗಡ. ಬೆಳಗಿನ ಸಭೆಯಲ್ಲಿ ಅಧ್ಯಕ್ಷ ಮೇಜು ಕುಟ್ಟಿ, "ಎಲ್ರಿಗೂ ಒಪ್ಪಿಗೆ ತಾನೇ?" ಎಂದಾಗ ಯಾರೂ ತುಟಿ ಬಿಚ್ಚಲಿಲ್ಲ. ಬೇಡವೆಂದು ಮನಸ್ಸು ಕೂಗುತ್ತಿದ್ದರೂ ಟೀಚರಮ್ಮನ ನಾಲಿಗೆಯೂ ಹೊರಳಲಿಲ್ಲ.

'ದಿ ಕಮಿಟಿ ಈಸ್ ಅಗ್ರೀಡ್' ಎಂದು ಬರೆದರು. ಆ ಈಸ್‌ನೊಳಗೆ ತಾನೂ ಕೂತಿದ್ದೇನಲ್ಲ ಎನ್ನಿಸಿತು. ಹೊಡೆದುಹಾಕಿ, ಬೇರೆ ಬರೆದು, ಪಕ್ಕದಲ್ಲೇ ಇದ್ದ ಅಧ್ಯಕ್ಷನ ಮನೆಗೆ ಒಯ್ದರು.

ಅಧ್ಯಕ್ಷ ಅವರ ಹಳೆಯ ಶಿಷ್ಯ. ಓದಿ ಹುಬ್ಬು ಗಂಟಿಕ್ಕಿದ. "'ದಿ ಕಮಿಟಿ ಆರ್ ಡಿವೈಡೆಡ್' ಅಂತೆ! ಕಮಿಟಿ ಏಕವಚನ, ಈಸ್ ಬರ್ಬೇಕು ಅಂತ ಕಿವಿ ಹಿಂಡಿ ಹೇಳ್ಕೊಟ್ಟೋರು ನೀವೇ ಅಲ್ವಾ ಟೀಚರ್?"

"ಎಲ್ರೂ ಒಂದೇ ಮನಸ್ಸಲ್ಲಿದ್ರೆ ಈಸ್ ಕಣಪ್ಪಾ. ಒಬ್ಬೊಬ್ರದು ಒಂದೊಂದು ದಾರಿ ಆದ್ರೆ ಆರ್ ಹಾಕ್ಬಹುದು."

"ಅದನ್ನ ಆಗ್ಲೇ ಹೇಳೋದಲ್ವಾ!"

"ನಿನ್ನ ತಲೆಗೆ ಈಸ್ ಇಳಿಸೋಷ್ಟರಲ್ಲೇ ನನಗೆ ಸಾಕುಬೇಕಾಗಿತ್ತು."

ಅವನು ನಗು ನುಂಗಿಕೊಂಡ. "ಸಭೇಲಿ ಯಾರೂ ಉಸಿರೆತ್ತಲಿಲ್ಲ. ಬೇರೆ ದಾರಿ ಯಾರದು?"

"ನನ್ದು. ಆಗ ಧೈರ್ಯ ಸಾಲ್ಲಿಲ್ಲ."

ಅವನ ಹೆಂಡತಿಯೂ ಕಮಿಟಿಯವಳೇ; ಒಳಗಿನಿಂದ ಬಂದು ಬಾಗಿಲಿಗೆ ಒರಗಿದಳು. "ನನ್ನನ್ನೂ ಆರ್‌ಗೇ ಸೇರಿಸ್ಕೊಳ್ಳಿ ಟೀಚರ್. ಮನೇಲೂ ಬರೀ ಇವರ ಈಸೇ ನಡೆಯೋದು."

ಅಧ್ಯಕ್ಷನ ಮುಖ ಸಣ್ಣದಾಯಿತು. "ಆಸ್ಪತ್ರೇಲಿ ರಾತ್ರಿ ಪಾಳಿ ನನಗೆ. ಸಂಜೆ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದ್ರೆ ನೆತ್ತಿ ಮೇಲೇ ಊದ್ತಾನೆ. ನಾನೇನು ಕಲ್ಲಾ?"

ಅವನ ಕಣ್ಣು ಕೆಂಪಗಿದ್ದುದನ್ನು ಟೀಚರಮ್ಮ ಈಗ ನೋಡಿದರು. "ಇದನ್ನ ಅವನಿಗೆ ಹೇಳಿದ್ಯಾ?" ಎಂದರು. ಹೇಳಿರಲಿಲ್ಲ.

ಮೂವರೂ ಮೆಟ್ಟಿಲು ಹತ್ತಿದರು. ಸಂಗತಿ ಕೇಳಿ ತುತ್ತೂರಿಯವನು ಕಕ್ಕಾಬಿಕ್ಕಿಯಾದ. "ಮೊದ್ಲೇ ಹೇಳ್ಬಾರ್ದಿತ್ತಾ ಸಾರ್? ಯಾರೂ ಏನೂ ಅನ್ಲಿಲ್ಲ, ಎಲ್ರಿಗೂ ಇಷ್ಟ ಅಂದ್ಕೊಂಡಿದ್ದೆ."

ಅಧ್ಯಕ್ಷ ಪಾಳಿಗೆ ಹೊರಟ ಮೇಲೆ ಊದುವುದೆಂದು ಮಾತಾಯಿತು. ಮರುದಿನದಿಂದ ಅವನ ಸ್ಕೂಟರಿನ ಸದ್ದು ತಿರುವಿನಲ್ಲಿ ಕರಗಿದ ಕೂಡಲೇ ತುತ್ತೂರಿ ಏಳತೊಡಗಿತು. ಟೀಚರಮ್ಮ ಒಲೆಯ ಮುಂದೆ ನಿಂತು ಕೇಳುತ್ತಿದ್ದರು. ಅಪಸ್ವರ ಬಂದರೆ ಮಾತ್ರ ಸುಮ್ಮನಿರದೆ, ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದರು.